ಊಟದ ಬೋಗಿ ಮತ್ತು ಒಂದು ಪರದೆ

ರೈಲು ಅಂದ ತಕ್ಷಣ ಕೆಲವರಿಗೆ ಕಿಟಕಿ ನೆನಪಾಗುತ್ತೆ, ಕೆಲವರಿಗೆ ಸುರಂಗ, ಸೇತುವೆ. ನನಗೆ ನೆನಪಾಗೋದು ತಿಂಡಿ :-) ಮದ್ದೂರು ವಡೆಯ ಬುಟ್ಟಿ ಹತ್ತೋದಕ್ಕೆ ಮೊದಲೇ ಈರುಳ್ಳಿ ವಾಸನೆ ಬೋಗಿ ಹತ್ತಿರುತ್ತಲ್ಲ, ಅದು. ನಮ್ಮಲ್ಲಿ ತಿಂಡಿಯೇ ನಮ್ಮನ್ನು ಹುಡುಕಿಕೊಂಡು ಬರುತ್ತೆ. ಪ್ಯಾಂಟ್ರಿ ಕಾರ್ ಇದ್ದರೂ ಅಲ್ಲಿ ಹೋಗಿ ಕೂತು ತಿನ್ನೋ ಹಾಗಿಲ್ಲ, ಪೊಟ್ಟಣ ಬಂದು ತೊಡೆ ಮೇಲೆ ಕೂರುತ್ತೆ. ಪ್ರವಾಸಿಗರ ಐಷಾರಾಮಿ ರೈಲುಗಳನ್ನು ಬಿಟ್ಟರೆ, ಮೇಜು ಕುರ್ಚಿ ಹಾಕಿ ಊಟಕ್ಕೆ ಕೂರಿಸುವ ಬೋಗಿ ಅಂತ ಹೆಸರು ಉಳಿಸಿಕೊಂಡಿರೋದು 1930ರಲ್ಲಿ ಶುರುವಾದ ಮುಂಬೈ-ಪುಣೆಯ ಡೆಕ್ಕನ್ ಕ್ವೀನ್.

ಅಮೆರಿಕದ ಕತೆ ಬೇರೆ. ಅಲ್ಲಿ ಊಟದ ಬೋಗಿ, ಅಂದ್ರೆ ಡೈನಿಂಗ್ ಕಾರ್, ಒಂದು ಕಾಲಕ್ಕೆ ದೊಡ್ಡ ಹೋಟೆಲುಗಳಿಗೆ ಸೆಡ್ಡು ಹೊಡೆಯುತ್ತಿತ್ತು. ಕೆಲವು ದಿನಗಳಿಂದ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವ ಹುಚ್ಚು ಹಿಡಿದಿದೆ. ಓದುತ್ತಾ ಹೋದರೆ ಅದು ಆಲೂಗಡ್ಡೆಯಿಂದ ಹೊರಟು ಸುಪ್ರೀಂ ಕೋರ್ಟಿಗೆ ಹೋಗಿ, ಅಲ್ಲಿಂದ ನೇರ ನಮ್ಮ ಅಜ್ಜಿ ಮನೆ ಹಿತ್ತಲಿಗೆ ಬಂದು ನಿಲ್ಲುತ್ತೆ. ಬರಹ ಸ್ವಲ್ಪ ಉದ್ದವಾಗಿದೆ. ಕಾಫಿ ತಗೊಂಡೇ ಕೂತುಕೊಳ್ಳಿ.

*

ಮೊದಮೊದಲು ಅಲ್ಲಿಯ ರೈಲುಗಳಲ್ಲಿ ಊಟವೇ ಇರಲಿಲ್ಲ. ಯಾವುದೋ ಸ್ಟೇಷನ್ನಿನಲ್ಲಿ ಗಾಡಿ ಇಪ್ಪತ್ತು ನಿಮಿಷ ನಿಲ್ಲೋದು. ಜನ ಬಿದ್ದೂ ಎದ್ದೂ ಓಡೋದು. ಹಳಸಲು ಮಾಂಸ, ಕಹಿ ಕಾಫಿ, ಗಟ್ಟಿ ಬಿಸ್ಕತ್ತು. ಮೊದಲೇ ದುಡ್ಡು ಇಸಿದುಕೊಂಡು, ತಟ್ಟೆ ಮುಂದೆ ಬರೋ ಹೊತ್ತಿಗೆ ಗಂಟೆ ಹೊಡೆಸಿ, ಮುಟ್ಟದ ತಟ್ಟೆಯನ್ನೇ ಮುಂದಿನ ಗಾಡಿಯವರಿಗೆ ಇಡುತ್ತಿದ್ದರು ಅನ್ನೋ ಕತೆಗಳೂ ಇವೆ.

ಇದನ್ನು ಸರಿ ಮಾಡಿದವನು ಫ್ರೆಡ್ ಹಾರ್ವಿ ಅನ್ನೋ ಇಂಗ್ಲೆಂಡಿನಿಂದ ವಲಸೆ ಬಂದ ಮನುಷ್ಯ. 1876ರಲ್ಲಿ ಕ್ಯಾನ್ಸಸ್‌ನ ಟೊಪೀಕಾ ಸ್ಟೇಷನ್ನಿನಲ್ಲಿ, ಸಾಂಟಾ ಫೇ ರೈಲ್ವೆಯ ದಾರಿಯಲ್ಲಿ, ಊಟದ ಮನೆ ತೆರೆದ. ಊಟಕ್ಕೆ ಎಷ್ಟು ಜನ ಅಂತ ಗಾಡಿಯಲ್ಲೇ ಲೆಕ್ಕ ತೆಗೆದು, ಮುಂದಿನ ಸ್ಟೇಷನ್ನಿಗೆ ತಂತಿ ಹೊಡೆಯೋರು. ಗಾಡಿ ಬರೋ ಹೊತ್ತಿಗೆ ಬಿಸಿ ಊಟ ರೆಡಿ. ಬಡಿಸೋ ಹುಡುಗಿ ಕಾಫಿನಾ ಚಹಾನಾ ಅಂತ ಕೇಳಿ ಕಪ್ಪನ್ನು ಒಂದೊಂದಕ್ಕೆ ಒಂದೊಂದು ರೀತಿ ತಿರುಗಿಸಿಟ್ಟು ಹೋದರೆ, ಹಿಂದಿನಿಂದ ಬಂದವಳು ಮಾತಿಲ್ಲದೆ ಸರಿಯಾದದ್ದನ್ನೇ ಬಗ್ಗಿಸೋಳು. ಕಪ್ಪಿನ ಭಾಷೆ!

ಆದರೂ ಊಟಕ್ಕೆ ಅಂತ ಗಾಡಿ ನಿಲ್ಲಿಸಿದರೆ ಹೊತ್ತು ಹಾಳು. ಮಲಗುವ ಬೋಗಿಗಳಿಂದ ಹೆಸರು ಮಾಡಿದ್ದ ಜಾರ್ಜ್ ಪುಲ್‌ಮನ್ 1868ರಲ್ಲಿ ಬರೀ ಊಟಕ್ಕೆ ಅಂತಲೇ ಒಂದು ಬೋಗಿ ಕಟ್ಟಿಸಿದ. ನ್ಯೂಯಾರ್ಕಿನ ಪ್ರಖ್ಯಾತ ಹೋಟೆಲಿನ ಹೆಸರನ್ನೇ ಅದಕ್ಕಿಟ್ಟ: ಡೆಲ್ಮೊನಿಕೊ. ಶಿಕಾಗೋ ಅಂಡ್ ಆಲ್ಟನ್ ರೈಲ್ವೆಯಲ್ಲಿ ಅದು ಓಡಿತು. ಆದರೆ ಆಗ ಒಂದು ಬೋಗಿಯಿಂದ ಇನ್ನೊಂದಕ್ಕೆ ದಾಟಬೇಕಾದರೆ ತೆರೆದ ಕಟ್ಟೆ ಮೇಲೆ ಗಾಳಿ ಮಸಿಯ ನಡುವೆ ಹಾರಬೇಕಿತ್ತು. ಊಟ ಮಾಡೋಕೆ ಪ್ರಾಣ ಒತ್ತೆ ಇಡೋರು ಯಾರು? 1887ರಲ್ಲಿ ಎರಡು ಬೋಗಿಗಳ ನಡುವೆ ಮುಚ್ಚಿದ ಓಣಿ, ನಾವು ಈಗ ವೆಸ್ಟಿಬ್ಯೂಲ್ ಅಂತೀವಲ್ಲ, ಅದು ಬಂತು. ಊಟದ ಬೋಗಿಯ ನಸೀಬು ತೆರೆದಿದ್ದು ಆಮೇಲೆ.

*

ನನಗೆ ಬೆರಗು ಹುಟ್ಟಿಸಿದ್ದು ಆ ಬೋಗಿಯ ಅಡುಗೆಮನೆ. ನಮ್ಮ ಬೆಂಗಳೂರಿನ ಬಾಡಿಗೆ ಮನೆಗಳ ಅಡುಗೆಮನೆಯೇ ವಾಸಿ. ಒಬ್ಬರು ಹಾಯುವಷ್ಟು ಓಣಿ. ಒಂದು ಕಡೆ ಕೆಂಡದ ಒಲೆ, ಇನ್ನೊಂದು ಕಡೆ ಐಸ್ ತುಂಬಿದ ಪೆಟ್ಟಿಗೆಗಳು. ತಲೆ ಮೇಲೆ ನೇತಾಡುವ ಪಾತ್ರೆಗಳು. ಬೇಸಿಗೆಯಲ್ಲಿ ಅದರೊಳಗೆ ನಿಂತವರ ಗತಿ ನೆನೆಸಿಕೊಳ್ಳಿ. ಗಾಡಿ ತಿರುವಿನಲ್ಲಿ ವಾಲುತ್ತಿರುವಾಗ ಅಲ್ಲೇ ಬ್ರೆಡ್ಡು ಬೇಯಬೇಕು, ಮೀನು ಹೆಚ್ಚಬೇಕು, ಸೂಪು ತುಳುಕಬಾರದು. ನಾಲ್ಕು ಜನ ಅಡುಗೆಯವರು, ಆರು ಜನ ಬಡಿಸೋರು, ಮೇಲೊಬ್ಬ ಸ್ಟೀವರ್ಡ್. ಇಷ್ಟು ಜನ ಸೇರಿ, ಒಮ್ಮೆಗೆ ನಲವತ್ತು ಚಿಲ್ಲರೆ ಮಂದಿಯಂತೆ, ಸರದಿ ಮೇಲೆ ಸರದಿ ಊಟ ಹಾಕಬೇಕು.

ಹೊರಗೆ ಮಾತ್ರ ಇಸ್ತ್ರಿ ಮಾಡಿದ ಬಿಳಿ ಮೇಜುಬಟ್ಟೆ, ಬೆಳ್ಳಿಯ ಪಾತ್ರೆ, ಹೂದಾನಿ, ಕೊನೆಯಲ್ಲಿ ಬೆರಳು ತೊಳೆಯೋಕೆ ಪುಟ್ಟ ಬಟ್ಟಲು. ಒಂದು ವಿಚಿತ್ರ ನಿಯಮವೂ ಇತ್ತು. ಬಾಯಲ್ಲಿ ಹೇಳಿದರೆ ಆರ್ಡರ್ ತಗೊಳ್ಳುತ್ತಿರಲಿಲ್ಲ, ಪ್ರಯಾಣಿಕರೇ ಚೀಟಿಯಲ್ಲಿ ಬರೆದು ಕೊಡಬೇಕು. ನಮ್ಮ ದರ್ಶಿನಿಗಳ ಟೋಕನ್ನಿಗೆ ಅಣ್ಣ ಅನ್ನಬಹುದು.

ಒಂದೊಂದು ರೈಲ್ವೆಗೂ ಒಂದೊಂದು ಹೆಸರಾಂತ ತಿನಿಸು. ಸಾಂಟಾ ಫೇಯವರದು ಉಬ್ಬಿದ ಫ್ರೆಂಚ್ ಟೋಸ್ಟ್. ಇವೆಲ್ಲದರಲ್ಲಿ ನನ್ನ ಮೆಚ್ಚಿನದು ನಾರ್ದರ್ನ್ ಪೆಸಿಫಿಕ್‌ನವರ ಆಲೂಗಡ್ಡೆ. ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲಿ ಒಂದೊಂದೂ ಒಂದು ಕಿಲೋ ಹತ್ತಿರ ತೂಗುವ ಆಲೂಗಡ್ಡೆ ಬೆಳೆಯುತ್ತಿತ್ತು. ಇಷ್ಟು ದೊಡ್ಡದನ್ನು ಯಾರೂ ಕೊಳ್ಳಲ್ಲ ಅಂತ ರೈತರು ಹಂದಿಗೆ ಹಾಕುತ್ತಿದ್ದರು. ಆ ರೈಲ್ವೆಯ ಊಟದ ವಿಭಾಗದ ಮುಖ್ಯಸ್ಥ ಹೇಜನ್ ಟೈಟಸ್ ಇದನ್ನು ಕೇಳಿ, ತರಿಸಿ, ನಿಧಾನ ಉರಿಯಲ್ಲಿ ಬೇಯಿಸಿ ನೋಡಿದ. ಒಳಗೆಲ್ಲ ಹಿಟ್ಟುಹಿಟ್ಟಾಗಿ ಅರಳಿತ್ತು. 1909ರಿಂದ ಅದನ್ನು ಸೀಳಿ, ಮೇಲೊಂದು ಬೆಣ್ಣೆಮುದ್ದೆ ಇಟ್ಟು ಕೊಡೋಕೆ ಶುರು ಮಾಡಿದರು. ಜನ ಹುಚ್ಚೆದ್ದು ತಿಂದರು. ಕೊನೆಗೆ ರೈಲ್ವೆಯವರು ತಮ್ಮನ್ನೇ ದೊಡ್ಡ ಆಲೂಗಡ್ಡೆಯ ದಾರಿ ಅಂತ ಜಾಹೀರಾತಿನಲ್ಲಿ ಕರೆದುಕೊಂಡರು! ರೊಟ್ಟಿ ಮೇಲೆ ಬೆಣ್ಣೆಮುದ್ದೆ ಇಟ್ಟುಕೊಂಡು ತಿಂದವರಿಗೆ ಈ ಸುಖ ಬಿಡಿಸಿ ಹೇಳಬೇಕಾಗಿಲ್ಲ.

ತಮಾಷೆ ಅಂದ್ರೆ ಇಷ್ಟೆಲ್ಲ ಮಾಡಿಯೂ ಊಟದ ಬೋಗಿಯಿಂದ ರೈಲ್ವೆ ಕಂಪನಿಗಳಿಗೆ ನಷ್ಟವೇ. ಊಟ ಚೆನ್ನಾಗಿದ್ದರೆ ಟಿಕೆಟ್ ಓಡುತ್ತೆ ಅನ್ನೋ ಲೆಕ್ಕದಲ್ಲಿ ಆ ನಷ್ಟವನ್ನು ಜಾಹೀರಾತಿನ ಖರ್ಚು ಅಂತ ನುಂಗಿಕೊಂಡರು.

*

ಇನ್ನು ಅಸಲಿ ವಿಷಯ. ಆ ಅಡುಗೆ ಮಾಡುತ್ತಿದ್ದವರು ಯಾರು?

ಬಹುಪಾಲು ಕರಿಯರು. ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ ಪುಲ್‌ಮನ್ ತನ್ನ ಬೋಗಿಗಳ ಚಾಕರಿಗೆ ಅವರನ್ನೇ ಸೇರಿಸಿಕೊಂಡ. ಅವನ ಹೆಸರು ಜಾರ್ಜ್ ಅಲ್ಲವೇ, ಹಾಗಾಗಿ ಪ್ರಯಾಣಿಕರು ಎಲ್ಲ ಪೋರ್ಟರುಗಳನ್ನೂ ಜಾರ್ಜ್ ಅಂತಲೇ ಕೂಗುತ್ತಿದ್ದರು. ಗುಲಾಮನನ್ನು ಒಡೆಯನ ಹೆಸರಿನಿಂದ ಕರೆಯುವ ಹಳೇ ಚಾಳಿ. ಮುಂದೆ ಊಟದ ಬೋಗಿಗಳನ್ನು ಹೆಚ್ಚಾಗಿ ಆಯಾ ರೈಲ್ವೆಯವರೇ ನಡೆಸಿದರು. ಅಲ್ಲೂ ಅದೇ ಪದ್ಧತಿ. ಒಲೆ ಮುಂದೆ ಕರಿಯರು, ಬಡಿಸೋರು ಕರಿಯರು, ಮೇಲಿನ ಸ್ಟೀವರ್ಡ್ ಮಾತ್ರ ಬಿಳಿಯ. ಎಷ್ಟೋ ರೈಲುಗಳಲ್ಲಿ ರಾತ್ರಿ ಊಟ ಮುಗಿದ ಮೇಲೆ ಆ ಕೆಲಸದವರು ಮಲಗುತ್ತಿದ್ದದ್ದೂ ಅದೇ ಬೋಗಿಯಲ್ಲಿ, ಮೇಜುಗಳ ನಡುವೆ.

ರೂಫಸ್ ಎಸ್ಟಿಸ್ ಅಂತ ಒಬ್ಬರಿದ್ದರು. 1857ರಲ್ಲಿ ಟೆನೆಸಿಯಲ್ಲಿ ಗುಲಾಮರಾಗಿ ಹುಟ್ಟಿದವರು. ಐದು ವರ್ಷಕ್ಕೇ ಕಾಲು ಮೈಲಿ ದೂರದ ಬುಗ್ಗೆಯಿಂದ ನೀರು ಹೊತ್ತವರು. 1883ರಲ್ಲಿ ಪುಲ್‌ಮನ್ ಕಂಪನಿ ಸೇರಿ, ದೇಶದ ಅಧ್ಯಕ್ಷರಿಗೂ ಬಡಿಸಿದರು. 1911ರಲ್ಲಿ ಸುಮಾರು 600 ಅಡುಗೆಗಳ ಪುಸ್ತಕವನ್ನು ತಮ್ಮ ಹೆಸರಿನಲ್ಲೇ ಅಚ್ಚು ಹಾಕಿಸಿದರು. ಆ ಪುಸ್ತಕ ಇವತ್ತಿಗೂ ಓದೋಕೆ ಸಿಗುತ್ತೆ.

ಹೆಸರು ಉಳಿದವರು ಹೀಗೆ ಒಬ್ಬಿಬ್ಬರು. ಇನ್ನೊಂದು ಕತೆ ಕೇಳಿ. 1930ರಲ್ಲಿ ಜನರಲ್ ಮಿಲ್ಸ್ ಕಂಪನಿಯ ಮಾರಾಟದ ಅಧಿಕಾರಿಯೊಬ್ಬ ಹೊತ್ತು ಮೀರಿದ ಮೇಲೆ ರೈಲಿನಲ್ಲಿ ಊಟಕ್ಕೆ ಹೋದ. ತಣ್ಣಗಾದದ್ದೇ ಗತಿ ಅಂದುಕೊಂಡವನಿಗೆ ಕ್ಷಣದಲ್ಲಿ ಬಿಸಿಬಿಸಿ ಬಿಸ್ಕತ್ತು ಬಂತು. ಹೇಗೆ ಅಂತ ಅಡುಗೆಮನೆಗೆ ಹೋಗಿ ಕೇಳಿದ. ಅಡುಗೆಯವನು ಹಿಟ್ಟು, ಕೊಬ್ಬು, ಬೇಕಿಂಗ್ ಪೌಡರ್, ಉಪ್ಪು ಎಲ್ಲ ಮೊದಲೇ ಕಲಸಿ ಐಸ್ ಪೆಟ್ಟಿಗೆಯಲ್ಲಿಟ್ಟಿದ್ದ. ಮರುವರ್ಷ, 1931ರಲ್ಲಿ, ಅದೇ ಉಪಾಯ ಡಬ್ಬಿಯೊಳಗೆ ಕೂತು ಬಿಸ್ಕ್ವಿಕ್ ಅಂತ ಅಂಗಡಿಗೆ ಬಂತು. ನಮ್ಮ ಎಂಟಿಆರ್ ರವೆ ಇಡ್ಲಿ ಮಿಕ್ಸ್ ಥರ ಅಲ್ಲಿ ಮನೆಮನೆಯ ಮಾತು. ಅಧಿಕಾರಿಯ ಹೆಸರು ಕಾರ್ಲ್ ಸ್ಮಿತ್ ಅಂತ ಕತೆಯಲ್ಲಿದೆ. ಅಡುಗೆಯವನು ಬರೀ 'ಒಬ್ಬ ಅಡುಗೆಯವನು'.

ಗಾರ್ಡನ್ ಪಾರ್ಕ್ಸ್ ಗೊತ್ತಿರಬೇಕು, ಲೈಫ್ ಪತ್ರಿಕೆಯ ಮೊದಲ ಕರಿಯ ಛಾಯಾಗ್ರಾಹಕ. ಅವರು 1930ರ ದಶಕದ ಕೊನೆಯಲ್ಲಿ ನಾರ್ತ್ ಕೋಸ್ಟ್ ಲಿಮಿಟೆಡ್ ರೈಲಿನ ಊಟದ ಬೋಗಿಯಲ್ಲಿ ವೇಟರ್ ಆಗಿದ್ದರು. ಅದೇ ಆಲೂಗಡ್ಡೆ ರೈಲ್ವೆ! ಯಾರೋ ಪ್ರಯಾಣಿಕರು ಬಿಟ್ಟುಹೋದ ಪತ್ರಿಕೆಯಲ್ಲಿ ಗುಳೆ ಹೊರಟ ರೈತರ ಫೋಟೋಗಳನ್ನು ನೋಡಿ, ಸಿಯಾಟಲ್‌ನ ಗಿರವಿ ಅಂಗಡಿಯಲ್ಲಿ ಹಳೇ ಕ್ಯಾಮೆರಾ ಕೊಂಡರು. ಮುಂದಿನದು ಚರಿತ್ರೆ. ತಟ್ಟೆ ಎತ್ತುತ್ತಿದ್ದ ಎಷ್ಟು ಕೈಗಳಲ್ಲಿ ಏನೇನು ಇತ್ತೋ.

*

ಅಡುಗೆ ಮಾಡೋದು ಕರಿಯರು, ಬಡಿಸೋದು ಕರಿಯರು. ಊಟಕ್ಕೆ ಕೂರೋದು?

ದಕ್ಷಿಣದ ರಾಜ್ಯಗಳಲ್ಲಿ ಕರಿಯ ಪ್ರಯಾಣಿಕರಿಗೆ ಬೇರೆ ಬೋಗಿ, ಹೆಚ್ಚಾಗಿ ಎಂಜಿನ್ನಿನ ಬೆನ್ನಿಗೇ, ಹೊಗೆ ಮಸಿ ಬಡಿಯೋ ಕಡೆ. ಊಟದ ಬೋಗಿಗೆ ಹೋದರೆ ಅವಮಾನ ಅಂತ ಗೊತ್ತಿದ್ದ ತಾಯಂದಿರು ಹೊರಡುವ ಮುಂಚೆ ಶೂ ಬರುವ ರಟ್ಟಿನ ಡಬ್ಬಿಯಲ್ಲಿ ಕರಿದ ಕೋಳಿ, ಬೇಯಿಸಿದ ಮೊಟ್ಟೆ, ಬ್ರೆಡ್ಡು ಕಟ್ಟಿ ಕೊಡುತ್ತಿದ್ದರು.

1942ರ ಮೇ 17. ಎಲ್ಮರ್ ಹೆಂಡರ್ಸನ್ ಅನ್ನೋ ಕರಿಯ ಅಧಿಕಾರಿ ಸರ್ಕಾರಿ ಕೆಲಸದ ಮೇಲೆ ವಾಷಿಂಗ್ಟನ್‌ನಿಂದ ಅಟ್ಲಾಂಟಾ ಕಡೆಗೆ ಸದರ್ನ್ ರೈಲ್ವೆಯಲ್ಲಿ ಹೊರಟಿದ್ದರು. ಕೈಯಲ್ಲಿ ಫಸ್ಟ್ ಕ್ಲಾಸ್ ಟಿಕೆಟ್. ಅವರ ಕೆಲಸವೇನು ಗೊತ್ತಾ? ನೌಕರಿಯಲ್ಲಿ ಜನಾಂಗಭೇದ ನಡೆಯದಂತೆ ನೋಡಿಕೊಳ್ಳುವ ಸರ್ಕಾರಿ ಸಮಿತಿಯಲ್ಲಿ! ಸಂಜೆ ಐದೂವರೆಗೆ ಊಟದ ಮೊದಲ ಕರೆ ಬಂತು. ಹೋದರು.

ಆ ರೈಲ್ವೆಯ ನಿಯಮ ಹೀಗಿತ್ತು. ಅಡುಗೆಮನೆ ಪಕ್ಕದ ಎರಡು ಮೇಜು ಕರಿಯರಿಗೆ. ಅವರು ಕೂತಾಗ ನಡುವೆ ಪರದೆ ಎಳೆಯಬೇಕು. ಕರಿಯರು ಬರುವ ಮೊದಲೇ ಬಿಳಿಯರಿಗೆ ಜಾಗ ಸಾಲದೆ ಹೋದರೆ ಪರದೆ ಸರಿಸಿ ಆ ಮೇಜುಗಳನ್ನೂ ಬಿಳಿಯರಿಗೆ ಕೊಡಬೇಕು. ಆಮೇಲೆ ಬಂದ ಕರಿಯರು ಆ ಮೇಜು ಖಾಲಿಯಾಗುವ ತನಕ ಕಾಯಬೇಕು.

ಹೆಂಡರ್ಸನ್ ಹೋದಾಗ ಆ ಮೇಜುಗಳಲ್ಲಿ ಬಿಳಿಯರು ಕೂತಿದ್ದರು. ಒಂದು ಕುರ್ಚಿ ಖಾಲಿ ಇತ್ತು. ಖಾಲಿ ಕುರ್ಚಿ, ಕೈಯಲ್ಲಿ ಟಿಕೆಟ್, ಹೊಟ್ಟೆಯಲ್ಲಿ ಹಸಿವು. ಸ್ಟೀವರ್ಡ್ ಕೂರಿಸಲಿಲ್ಲ. 'ನಿಮ್ಮ ಸೀಟಿಗೇ ತಂದುಕೊಡ್ತೀವಿ, ಹೆಚ್ಚು ದುಡ್ಡಿಲ್ಲ' ಅಂದ. ಇವರು ಬೇಡ ಅಂದರು. ಜಾಗ ಆದಾಗ ಹೇಳಿ ಕಳಿಸುತ್ತೀನಿ ಅಂದವನು ಹೇಳಿ ಕಳಿಸಲಿಲ್ಲ. ಏಳಕ್ಕೆ ಇವರೇ ಹೋದರು, ಆಮೇಲೆ ಮತ್ತೊಮ್ಮೆ ಹೋದರು. ರಾತ್ರಿ ಒಂಬತ್ತಕ್ಕೆ ಆ ಬೋಗಿಯನ್ನೇ ಗಾಡಿಯಿಂದ ಕಳಚಿದರು. ಊಟ ಸಿಗಲೇ ಇಲ್ಲ.

ಒಂದು ಊಟಕ್ಕೋಸ್ಕರ ಹೆಂಡರ್ಸನ್ ಎಂಟು ವರ್ಷ ಬಡಿದಾಡಿದರು. ನಡುವೆ ರೈಲ್ವೆಯವರು ನಿಯಮ ತಿದ್ದಿದರು. ಹತ್ತು ಮೇಜು ಬಿಳಿಯರಿಗೆ, ಒಂದು ಮೇಜು ಕರಿಯರಿಗೆ ಕಾಯಂ, ಪರದೆ ಸಮೇತ. ನಲವತ್ತನಾಲ್ಕರಲ್ಲಿ ನಾಲ್ಕು ಸೀಟು! ಕರಿಯ ಪ್ರಯಾಣಿಕರು ಕಡಿಮೆ, ಅಷ್ಟು ಸಾಕು ಅನ್ನೋದು ಅವರ ಲೆಕ್ಕ. 1950ರ ಜೂನ್ 5ರಂದು ಸುಪ್ರೀಂ ಕೋರ್ಟ್ ಈ ಲೆಕ್ಕವನ್ನು ಒಪ್ಪಲಿಲ್ಲ. ಒಂದೇ ಥರದ ಟಿಕೆಟ್ ಹಿಡಿದು, ಒಂದೇ ಬೋಗಿಯಲ್ಲಿ ಊಟಕ್ಕೆ ಬಂದವರ ನಡುವೆ ಪರದೆ, ಅಡ್ಡಗೋಡೆ, ಬೋರ್ಡುಗಳನ್ನು ಹಾಕೋದು ಬರೀ ಕೃತಕ ಭೇದ, ರೈಲ್ವೆ ಕಾನೂನಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು.

*

ಇದನ್ನು ಓದುತ್ತಿದ್ದಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ ಪದ. ಪಂಕ್ತಿಭೇದ.

ನಮ್ಮ ಕಡೆಯ ರೈಲ್ವೆಯೂ ಇದರಿಂದ ಹೊರತಾಗಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ಸ್ಟೇಷನ್ನುಗಳಲ್ಲಿ ಹಿಂದೂ ನೀರು ಬೇರೆ, ಮುಸ್ಲಿಂ ನೀರು ಬೇರೆ. ದಕ್ಷಿಣದ ಸ್ಟೇಷನ್ನುಗಳ ಊಟದ ಮನೆಗಳಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗವಿತ್ತು. ಪೆರಿಯಾರ್ ಮತ್ತವರ ಜೊತೆಯವರು ಗಲಾಟೆ ಎಬ್ಬಿಸಿದ ಮೇಲೆ 1941ರಲ್ಲಿ ಅದು ಹೋಯಿತು. ಹೆಂಡರ್ಸನ್ ಆ ರೈಲು ಹತ್ತುವ ಹಿಂದಿನ ವರ್ಷ!

ಅರಸೀಕೆರೆ ಹತ್ತಿರದ ನಮ್ಮ ಅಜ್ಜಿ ಮನೆಯಲ್ಲಿ ಪರದೆ ಇರಲಿಲ್ಲ. ಹಿತ್ತಲಿತ್ತು. ಅಜ್ಜಿ ರೈಲಿನಲ್ಲಿ ಹೊರಗಿನ ನೀರನ್ನೂ ಮುಟ್ಟುತ್ತಿರಲಿಲ್ಲ. ಕೂಜದಲ್ಲಿ ನೀರು, ಡಬ್ಬಿಯಲ್ಲಿ ಮೊಸರನ್ನ. ಆ ಶೂ ಡಬ್ಬಿಯೂ ಬುತ್ತಿಯೇ, ಅಜ್ಜಿಯದ್ದೂ ಬುತ್ತಿಯೇ. ಅಜ್ಜಿಯದು ತಾನಾಗಿ ಹಾಕಿಕೊಂಡ ಗೆರೆ, ಅದು ಬೇರೆಯವರು ಎಳೆದ ಗೆರೆ.

ತೋಟದಲ್ಲಿ ಕಾಯಿ ಕೀಳೋಕೆ ಒಬ್ಬರು ಬರುತ್ತಿದ್ದರು. ಅಜ್ಜಿಯ ಚಟ್ನಿಗೆ, ಹುಳಿಗೆ, ದೇವರ ಮುಂದೆ ಒಡೆಯೋದಕ್ಕೆ, ಎಲ್ಲದಕ್ಕೂ ಅವರು ಕಿತ್ತ ಕಾಯಿಯೇ. ಕಾಯಿಗೆ ಮೈಲಿಗೆ ಇಲ್ಲ. ಅವರು ಕುಡಿಯುವ ಲೋಟ ಮಾತ್ರ ಹಿತ್ತಲಿನ ಸೂರಿನಲ್ಲಿ ಸಿಕ್ಕಿಸಿಟ್ಟಿರುತ್ತಿತ್ತು. ಊಟ ಹಿತ್ತಲ ಕಟ್ಟೆ ಮೇಲೆ, ಮೇಲಿನಿಂದ ಬಡಿಸಿದ್ದು. ಉಂಡ ಎಲೆ ಅವರೇ ಎತ್ತಬೇಕು.

ಅಮೆರಿಕದ ಭೇದಕ್ಕೂ ನಮ್ಮದಕ್ಕೂ ಒಂದು ವ್ಯತ್ಯಾಸ ಕಾಣುತ್ತೆ. ಅಲ್ಲಿ ಕರಿಯರ ಕೈ ನಡೆಯುತ್ತಿತ್ತು, ಪಕ್ಕದಲ್ಲಿ ಕೂತು ಉಣ್ಣೋ ಬಾಯಿ ನಡೆಯುತ್ತಿರಲಿಲ್ಲ. ಕಲಸಿದ, ಬೇಯಿಸಿದ, ಬಡಿಸಿದ ಕೈಯಿಂದ ಊಟ ಕೆಡುತ್ತಿರಲಿಲ್ಲ, ಅದೇ ಬಣ್ಣದವರು ಎದುರು ಕುರ್ಚಿಯಲ್ಲಿ ಕೂತರೆ ಕೆಡುತ್ತಿತ್ತು. ನಮ್ಮಲ್ಲಿ ಒಲೆ ಹತ್ತಿರಕ್ಕೆ ಕೈಯೂ ಬರುವಂತಿರಲಿಲ್ಲ. ಯಾವುದು ಹೆಚ್ಚು, ಯಾವುದು ಕಡಿಮೆ ಅಂತ ತೂಗೋಕೆ ನಾನು ಹೋಗಲ್ಲ.

ಅಜ್ಜಿ ಹೋಗಿ ಎಷ್ಟೋ ವರ್ಷಗಳಾದ ಮೇಲೆ, 2011ರಲ್ಲಿ, ಅದೇ ಜಾಗದಲ್ಲಿ ಮಾವ ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಬಫೆ ಊಟ. ಪಂಕ್ತಿಯೇ ಇಲ್ಲ, ತಟ್ಟೆ ಹಿಡಿದು ಯಾರು ಎಲ್ಲಿ ಬೇಕಾದರೂ ಕೂರಬಹುದು. ಕಾಯಿ ಕೀಳುತ್ತಿದ್ದವರೂ ಬಂದಿದ್ದರು, ತಲೆ ಪೂರ್ತಿ ಬೆಳ್ಳಗಾಗಿತ್ತು. ಸಾಲಿನಲ್ಲಿ ನಿಂತು ಹೋಳಿಗೆ, ಕೋಸಂಬರಿ ಹಾಕಿಸಿಕೊಂಡು ಸೀದಾ ಮನೆ ಹಿಂದಕ್ಕೆ ಹೋದರು. ಅಮ್ಮ ಹಿಂದೆಯೇ ಹೋಗಿ 'ಒಳಗೆ ಬಂದು ಕುರ್ಚಿ ಮೇಲೆ ಕೂತ್ಕೊಪ್ಪ' ಅಂದರು.

'ಇಲ್ಲೇ ಸರೋಯ್ತದೆ ಬುಡ್ರವ್ವಾ' ಅಂದರು ಅವರು.

ಕಟ್ಟಿದ ಪರದೆ ಕೋರ್ಟಿನ ತೀರ್ಪಿಗೆ ಬೀಳುತ್ತೆ. ಈ ಪರದೆಗೆ ಏನು ಮಾಡೋದು?

*

ಮತ್ತೆ ಊಟದ ಬೋಗಿಗೆ ಬರೋಣ. 1950ರ ದಶಕದಲ್ಲಿ ಹೆದ್ದಾರಿ, ಕಾರು, ವಿಮಾನಗಳು ಬಂದು ರೈಲಿನ ಜನ ಕರಗಿದರು. ಜಾಹೀರಾತು ಅಂತ ನಷ್ಟ ನುಂಗೋ ಶಕ್ತಿ ಕಂಪನಿಗಳಿಗೆ ಉಳಿಯಲಿಲ್ಲ. 1971ರ ಮೇ 1ರಿಂದ ಆಮ್‌ಟ್ರಾಕ್ ಅನ್ನೋ ಸಂಸ್ಥೆ ಬಹುತೇಕ ದೂರದ ರೈಲುಗಳನ್ನು ವಹಿಸಿಕೊಂಡಿತು. 2019ರಲ್ಲಿ ಪೂರ್ವ ಭಾಗದ ಎಷ್ಟೋ ರೈಲುಗಳಲ್ಲಿ ಒಲೆ ಆರಿಸಿ, ಮೊದಲೇ ಮಾಡಿಟ್ಟ ಊಟವನ್ನು ಬಿಸಿ ಮಾಡಿ ಕೊಡೋಕೆ ಶುರು ಮಾಡಿದರು. ಖರ್ಚು ಉಳಿಸೋದರ ಜೊತೆಗೆ, ಈಗಿನ ಹುಡುಗರಿಗೆ ಗುರುತಿಲ್ಲದವರ ಜೊತೆ ಕೂತು ಉಣ್ಣೋದು ಇಷ್ಟವಿಲ್ಲ ಅನ್ನೋ ಮಾತೂ ಆಗ ಬಂತು. ಕೋವಿಡ್ ಕಾಲದಲ್ಲಿ ಪಶ್ಚಿಮದಲ್ಲೂ ಬಿಸಿ ಅಡುಗೆ ನಿಂತು, 2021ರ ಜೂನ್‌ನಲ್ಲಿ ಮತ್ತೆ ಶುರುವಾಯಿತು.

2022ರಲ್ಲಿ ನಾನೂ ನನ್ನಾಕೆಯೂ ಶಿಕಾಗೋದಿಂದ ಕ್ಯಾಲಿಫೋರ್ನಿಯಾದ ಎಮರಿವಿಲ್‌ಗೆ ಹೋಗೋ ಕ್ಯಾಲಿಫೋರ್ನಿಯಾ ಜೆಫಿರ್ ಹತ್ತಿದ್ದೆವು. ಸುಮಾರು 3,900 ಕಿಲೋಮೀಟರ್, ಎರಡು ರಾತ್ರಿ. ಎರಡಂತಸ್ತಿನ ಬೋಗಿ. ಅಡುಗೆಮನೆ ಕೆಳಗೆ, ಮೇಜುಗಳು ಮೇಲೆ, ತಟ್ಟೆಗಳು ಪುಟ್ಟ ಲಿಫ್ಟಿನಲ್ಲಿ ಏರಿ ಬರುತ್ತವೆ. ಹಾಗಾಗಿ ಅಡುಗೆಮನೆ ಪಕ್ಕದ ಮೇಜು ಅನ್ನೋದೇ ಅಲ್ಲಿಲ್ಲ.

ಬಾಗಿಲಲ್ಲಿದ್ದಾಕೆ ಕೇಳಿದ್ದು ಒಂದೇ ಪ್ರಶ್ನೆ, 'ಎಷ್ಟು ಜನ?' ನಾಲ್ಕು ಜನರ ಮೇಜು ತುಂಬಲೇಬೇಕು, ನಿಮಗೆ ಬೇಕಾದವರ ಜೊತೆ ಕೂರುತ್ತೀನಿ ಅನ್ನೋ ಹಾಗಿಲ್ಲ. ನಮ್ಮೆದುರು ನೆಬ್ರಾಸ್ಕಾದ ಒಬ್ಬ ನಿವೃತ್ತ ಲಾರಿ ಡ್ರೈವರ್, ಅವರ ಪಕ್ಕ ಮೊಮ್ಮಗಳನ್ನು ನೋಡೋಕೆ ಸ್ಯಾಕ್ರಮೆಂಟೋಗೆ ಹೊರಟಿದ್ದ ಒಬ್ಬ ಕರಿಯ ಟೀಚರಮ್ಮ. ಅವರಿಬ್ಬರಿಗೂ ಪರಿಚಯವಿಲ್ಲ. ನಾವು ಸಸ್ಯಾಹಾರಿಗಳು ಅಂತ ಗೊತ್ತಾಗಿ ಟೀಚರಮ್ಮ ತಮ್ಮ ಬೇಯಿಸಿದ ಆಲೂಗಡ್ಡೆಯನ್ನು ನಮ್ಮ ಕಡೆ ತಳ್ಳಿದರು. ಇವಳು ಸುಮ್ಮನಿರಬೇಕಲ್ಲ, ಬ್ಯಾಗಿನಿಂದ ಮಾವಿನ ಉಪ್ಪಿನಕಾಯಿ ತೆಗೆದಳು. ಟೀಚರಮ್ಮ ಚಪ್ಪರಿಸಿದರು. ಡ್ರೈವರ್ ಸಾಹೇಬರ ಮುಖ ಮಾತ್ರ ಎರಡು ನಿಮಿಷ ಕೆಂಪಾಗೇ ಇತ್ತು :-) ಆಮೇಲೆ ಅವರೇ ಇನ್ನೊಂದು ಹೋಳು ಕೇಳಿದರು.

ಹೆಂಡರ್ಸನ್ ಕೇಳಿದ್ದು ಇಷ್ಟೇ ಅಲ್ಲವಾ? ವಿಶೇಷ ಉಪಚಾರವಲ್ಲ, ಖಾಲಿ ಇರುವ ಕುರ್ಚಿ.

ನಿಮ್ಮ ಮನೆಗಳಲ್ಲೂ ಒಂದು ಹಿತ್ತಲ ಕಟ್ಟೆ, ಸೂರಿನಲ್ಲಿ ಸಿಕ್ಕಿಸಿಟ್ಟ ಒಂದು ಲೋಟ ಇದ್ದಿರಬಹುದು. ಆ ಲೋಟ ಆಮೇಲೆ ಏನಾಯಿತು? ಬರೆಯಿರಿ. ರೈಲಿನಲ್ಲಿ ತಿಂದ ಒಳ್ಳೆಯ ಊಟದ ಕತೆಗಳಿದ್ದರೆ ಅದನ್ನೂ.